ಎರಡು ಬಿಲ್ ಬಂದ ಮಾತ್ರಕ್ಕೆ ಎರಡು ದಾರಿ ಆಗುವುದಿಲ್ಲ

ಪ್ರಶ್ನೆ: ಶಿರಸಿಯಲ್ಲಿ ನಮ್ಮದು ಅಡಿಕೆ ವಖಾರಿ, ಕುಮಟಾದಲ್ಲಿ ಒಂದು ಶಾಖೆ. ಕಚೇರಿಯಲ್ಲಿ ಎಂಟು ಕಂಪ್ಯೂಟರ್, ನಾಲ್ಕು ಕ್ಯಾಮೆರಾ ಇವೆ, ಊರಿನ ಇನ್ನೊಂದು ಬದಿಯಲ್ಲಿ ಗೋದಾಮು ಇದೆ. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಇರುವ ಕಂಪ್ಯೂಟರ್ ಶಿರಸಿಯಲ್ಲಿದೆ. ಕುಮಟಾದವರು ಇಂಟರ್‌ನೆಟ್ ಮೂಲಕ ಅದರಲ್ಲೇ ಕೆಲಸ ಮಾಡುತ್ತಾರೆ. ತೊಂದರೆ ಆಗಬಾರದೆಂದು ಎರಡು ಬೇರೆ ಬೇರೆ ಕಂಪನಿಗಳ ಫೈಬರ್ ಹಾಕಿಸಿದ್ದೇವೆ. ಆದರೂ ಜುಲೈ ಮಳೆಯಲ್ಲಿ ಎರಡೂ ಒಂದೇ ಮಧ್ಯಾಹ್ನ ಹೋದವು, ಮೂರನೆಯ ದಿನ ಬಂದವು. ಲೋಡ್ ಆದ ಲಾರಿ ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡುವ ಸರ್ಕಾರಿ ಚೀಟಿ) ಇಲ್ಲದೆ ಅಂಗಳದಲ್ಲೇ ನಿಂತಿತ್ತು. ಮೂರನೆಯ ಸಂಪರ್ಕ ಹಾಕಿಸಬೇಕೇ? ಹಾಕಿಸುವುದಾದರೆ ಯಾವುದು?

ಉತ್ತರ: ಮೂರನೆಯದಕ್ಕೆ ದುಡ್ಡು ಹಾಕುವ ಮೊದಲು, ನಿಮ್ಮ ಎರಡೂ ಫೈಬರ್‌ಗಳು ಕಚೇರಿಗೆ ಯಾವ ದಾರಿಯಲ್ಲಿ ಬರುತ್ತಿವೆ ಎಂಬುದನ್ನು ನಡೆದು ನೋಡಿಕೊಂಡು ಬನ್ನಿ. ಎರಡು ಕಂಪನಿಗಳ ಸಂಪರ್ಕ ಒಂದೇ ಮಧ್ಯಾಹ್ನ ಹೋಗಿ ಒಂದೇ ದಿನ ಮರಳಿದೆ ಎಂದರೆ, ಬಹುಮಟ್ಟಿಗೆ ತುಂಡಾದದ್ದು ಒಂದೇ ಕಡೆ, ಜೋಡಿಸಿದ್ದೂ ಒಂದೇ ಸಲ. ನೀವು ಎರಡು ಬಿಲ್ ಕಟ್ಟುತ್ತಿದ್ದೀರಿ, ದಾರಿ ಮಾತ್ರ ಒಂದೇ. ಅದೇ ದಾರಿಯಲ್ಲಿ ಮೂರನೆಯದನ್ನೂ ತಂದರೆ ಮುಂದಿನ ಮಳೆಗಾಲದಲ್ಲಿ ಮೂರೂ ಒಟ್ಟಿಗೆ ಹೋಗುತ್ತವೆ.

ಗೋಡೆಯ ಮೇಲಿನ ಫೈಬರ್ ಮೋಡೆಮ್‌ನಿಂದಲೇ ಶುರು ಮಾಡಿ. ಅದರಿಂದ ಹೊರಟ ತೆಳು ಕಪ್ಪು ಕೇಬಲ್ ಕಿಟಕಿಯ ಸಂದಿಯಿಂದ ಹೊರಬಿದ್ದು ಯಾವ ಕಂಬಕ್ಕೆ ಹೋಗುತ್ತದೆ? ಎರಡನೆಯದೂ ಅದೇ ಕಂಬಕ್ಕೆ ಹೋಗುತ್ತದೆಯೇ? ಮುಂದಿನ ಕಂಬದಲ್ಲಿ ಸುರುಳಿ ಸುತ್ತಿ ಕಟ್ಟಿದ ಕೇಬಲ್ಲಿನ ಪಕ್ಕ ಒಂದು ಕಪ್ಪು ಡಬ್ಬಿ ಇರುತ್ತದೆ. ಅದು ಜೋಡಣೆಯ ಡಬ್ಬಿ. ಎರಡೂ ಕೇಬಲ್ ಒಂದೇ ಡಬ್ಬಿಯೊಳಗೆ ಹೊಕ್ಕರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ನಮ್ಮ ಊರುಗಳಲ್ಲಿ ಬಿಲ್ ಕೊಡುವ ಕಂಪನಿ ಒಂದು, ತಂತಿ ಎಳೆಯುವ ಕೈ ಇನ್ನೊಂದು. ಸ್ಥಳೀಯ ಕೇಬಲ್ ಆಪರೇಟರ್ ಒಬ್ಬರೇ ಎರಡು ಮೂರು ಕಂಪನಿಗಳ ಸಂಪರ್ಕ ಕೊಡುವುದು ಸಾಮಾನ್ಯ. ಹನ್ನೆರಡು ಎಳೆಯ ಒಂದೇ ಕೇಬಲ್ಲಿನಲ್ಲಿ ನೀಲಿ ಎಳೆ ಒಬ್ಬರದು, ಕಿತ್ತಳೆ ಎಳೆ ಇನ್ನೊಬ್ಬರದು. ಮರದ ಕೊಂಬೆ ಬಿದ್ದರೆ, ಜೆಸಿಬಿಯ ಹಲ್ಲು ತಾಗಿದರೆ, ಎಳೆ ಯಾರದೆಂದು ಅದು ನೋಡುವುದಿಲ್ಲ.

ಆಪರೇಟರ್ ಜೊತೆ ಮಾತಾಡುವಾಗ ವೇಗ ಎಷ್ಟು ಎಂದು ಕೇಳುವುದಕ್ಕಿಂತ ಮೂರು ಸಂಗತಿ ಕೇಳಿ. ನಿಮ್ಮ ಕೇಬಲ್ ಯಾವ ರಸ್ತೆಯ ಮೇಲೆ ಬರುತ್ತದೆ, ಕಂಬದ ಮೇಲೋ ನೆಲದೊಳಗೋ? ನನಗೆ ಬೆಳಕು ಕಳುಹಿಸುವ ಮುಖ್ಯ ಯಂತ್ರ ಎಲ್ಲಿದೆ, ಅದಕ್ಕೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಆ ಯಂತ್ರಕ್ಕೆ ಊರಾಚೆಯ ಸಂಪರ್ಕ ಹುಬ್ಬಳ್ಳಿ ಕಡೆಯಿಂದಲೋ, ಕುಮಟಾ ಕಡೆಯಿಂದಲೋ, ಸಿದ್ದಾಪುರ–ಸಾಗರದ ಕಡೆಯಿಂದಲೋ, ಹಾವೇರಿ ಕಡೆಯಿಂದಲೋ?

ಮೂರನೆಯ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ದೊಡ್ಡದು. ಕರಾವಳಿಗೂ ಘಟ್ಟದ ಮೇಲಿನ ತಾಲ್ಲೂಕುಗಳಿಗೂ ನಡುವೆ ಇರುವುದು ಎಣಿಸುವಷ್ಟು ರಸ್ತೆ: ದೇವಿಮನೆ ಘಟ್ಟ, ಅರಬೈಲ್ ಘಟ್ಟ, ಇನ್ನು ಕೆಲವು. ಕೇಬಲ್ ಹಾಕುವವರೂ ರಸ್ತೆಯ ಅಂಚನ್ನೇ ಹಿಡಿಯುತ್ತಾರೆ, ಕಾಡಿನ ನಡುವೆ ಅವರಿಗೆ ಬೇರೆ ಜಾಗ ಸಿಗುವುದಿಲ್ಲ. ಹಾಗಾಗಿ ರಸ್ತೆಗೆ ಏನಾಗುತ್ತದೆಯೋ ಕೇಬಲ್ಲಿಗೂ ಅದೇ ಆಗುತ್ತದೆ. ಕುಮಟಾ–ಶಿರಸಿ ರಸ್ತೆಯ ಅಗಲೀಕರಣವನ್ನೂ ಕರಾವಳಿಯ ಚತುಷ್ಪಥ ಕಾಮಗಾರಿಯನ್ನೂ ನೀವು ದಿನವೂ ನೋಡಿದವರು. ಅಗೆದ ಕಡೆಯಲ್ಲೆಲ್ಲ ಕೇಬಲ್ ತುಂಡಾಗುವ ಅಪಾಯ ಇದ್ದೇ ಇರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜೀವಗಳು ಹೋದವು, ರಸ್ತೆ ದಿನಗಟ್ಟಲೆ ಮುಚ್ಚಿತ್ತು. ಅದೇ ವರ್ಷದ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಇಂಥ ಸಂದರ್ಭದಲ್ಲಿ ಕೇಬಲ್ ಜೋಡಿಸುವುದು ಒಂದೆರಡು ತಾಸಿನ ಕೆಲಸವೇ ಆದರೂ, ಜೋಡಿಸುವವರು ಆ ಜಾಗಕ್ಕೆ ತಲುಪುವುದಕ್ಕೇ ದಿನಗಳು ಹಿಡಿಯುತ್ತವೆ. ಬಯಲುಸೀಮೆಯ ನಗರಕ್ಕೆ ಬರೆದ ಸಲಹೆಗಳು ನಾಲ್ಕು ತಾಸಿನ ಅಡಚಣೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತವೆ. ನೀವು ಮೂರು ದಿನದ ಲೆಕ್ಕ ಹಿಡಿಯಬೇಕು.

ದಾರಿ ಬೇರೆಯಾದರೆ ಎಷ್ಟು ಲಾಭ ಎಂಬುದಕ್ಕೆ ಸಣ್ಣ ಲೆಕ್ಕ ನೋಡಿ. ಒಂದು ಸಂಪರ್ಕ ವರ್ಷದಲ್ಲಿ ನೂರಕ್ಕೆ 99ರಷ್ಟು ಹೊತ್ತು ಸರಿ ಇರುತ್ತದೆ ಎಂದುಕೊಳ್ಳಿ. ಕೇಳಲು ಚೆನ್ನಾಗಿದೆ, ಆದರೆ ವರ್ಷದ 8,760 ತಾಸಿನಲ್ಲಿ 87 ತಾಸು, ಅಂದರೆ ಮೂರೂವರೆ ದಿನ ಇರುವುದಿಲ್ಲ. ಅಂಥದೇ ಇನ್ನೊಂದು ಸಂಪರ್ಕ ಪೂರ್ತಿ ಬೇರೆ ಕಾರಣಕ್ಕೆ ಮಾತ್ರ ಕೆಡುವಂಥದ್ದಾದರೆ, ಎರಡೂ ಒಟ್ಟಿಗೆ ಇಲ್ಲದ ಹೊತ್ತು ವರ್ಷಕ್ಕೆ 53 ನಿಮಿಷಕ್ಕೆ ಇಳಿಯುತ್ತದೆ. ಎರಡೂ ಒಂದೇ ಕಂಬದ ಮೇಲೆ ಬಂದರೆ ಈ ಲೆಕ್ಕ ಬಿದ್ದುಹೋಗಿ ಮತ್ತೆ ಮೂರೂವರೆ ದಿನದ ಹತ್ತಿರಕ್ಕೇ ಬರುತ್ತದೆ.

ಹಾಗಾದರೆ ನಿಮ್ಮ ಮಟ್ಟಿಗೆ ಏನು ಮಾಡಬೇಕು? ನನ್ನ ಸಲಹೆ: ಎರಡು ಫೈಬರ್‌ಗಳಲ್ಲಿ ಒಂದನ್ನು ಉಳಿಸಿಕೊಳ್ಳಿ, ಇನ್ನೊಂದನ್ನು ಕಚೇರಿಯಿಂದ ತೆಗೆಯಿಸಿ. ಅದರ ಜಾಗಕ್ಕೆ ಮೊಬೈಲ್ ಜಾಲದ 4ಜಿ ಅಥವಾ 5ಜಿ ರೂಟರ್ ಬರಲಿ. ತಂತಿಯೇ ಇಲ್ಲದ ದಾರಿ ಎಂಬ ಕಾರಣಕ್ಕೆ ಅದು ಮೊದಲ ಆಯ್ಕೆ. ತೆಗೆದ ಫೈಬರನ್ನು ಗೋದಾಮಿಗೆ ಹಾಕಿಸುವ ವಿಚಾರ ಆಮೇಲೆ ಹೇಳುತ್ತೇನೆ.

ಮೊಬೈಲ್ ಸಿಮ್ ಆರಿಸುವಾಗ ಮನೆಯವರ ಫೋನಿನಲ್ಲಿ ಯಾವುದು ಚೆನ್ನಾಗಿ ಬರುತ್ತದೆ ಎಂಬುದನ್ನೇ ನೆಚ್ಚಬೇಡಿ. ಸಿಗ್ನಲ್ಲಿನ ಕಡ್ಡಿಗಳು ಫೋನಿನಿಂದ ಫೋನಿಗೆ ಬೇರೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಥಿತಿ ಎಂಬ ಪುಟವಿದೆ. ಅಲ್ಲಿ ಸಿಗ್ನಲ್ ಬಲ ಡಿಬಿಎಂ ಲೆಕ್ಕದಲ್ಲಿ ಕಾಣುತ್ತದೆ. ಸಂಖ್ಯೆ ಋಣಾತ್ಮಕವಾಗಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ –85ರ ಆಸುಪಾಸು ಇದ್ದರೆ ಗಟ್ಟಿ, –100 ಇದ್ದರೆ ಕೆಲಸ ನಡೆಯುತ್ತದೆ, –110 ದಾಟಿದರೆ ವ್ಯಾಪಾರಕ್ಕೆ ನಂಬಬೇಡಿ. ಬೇರೆ ಬೇರೆ ಕಂಪನಿಗಳ ಸಿಮ್ ಹಾಕಿ, ರೂಟರ್ ಇಡುವ ಕಿಟಕಿಯ ಬಳಿಯೇ ಅಳೆಯಿರಿ. ಅಳೆಯುವುದನ್ನು ಮಾರ್ಚ್‌ನ ಬಿಸಿಲಿನಲ್ಲಿ ಮಾತ್ರ ಮಾಡಬೇಡಿ. ಒದ್ದೆ ಎಲೆ ರೇಡಿಯೊ ಅಲೆಯನ್ನು ಹೀರುತ್ತದೆ, ಹೆಚ್ಚಿನ ಆವರ್ತನವನ್ನು ಇನ್ನೂ ಜಾಸ್ತಿ. 2300 ಮೆಗಾಹರ್ಟ್ಸ್‌ನಲ್ಲಿ ಬೇಸಿಗೆಯಲ್ಲಿ ಓಡಿದ ಸಂಪರ್ಕ ಆರಿದ್ರಾ ಮಳೆಯಲ್ಲಿ ತೆವಳಬಹುದು. 700 ಅಥವಾ 850 ಮೆಗಾಹರ್ಟ್ಸ್‌ನ ಸಂಪರ್ಕ ವೇಗದಲ್ಲಿ ಕಡಿಮೆಯಾದರೂ ಗುಡ್ಡ, ಮರ, ಗೋಡೆ ದಾಟಿ ಬರುತ್ತದೆ. ಬದಲಿ ಸಂಪರ್ಕಕ್ಕೆ ನನಗೆ ಎರಡನೆಯ ಗುಣವೇ ಮುಖ್ಯ.

ಮೊಬೈಲ್ ಎಂದ ಕೂಡಲೇ ಪೂರ್ತಿ ನಿಶ್ಚಿಂತೆ ಎಂದಲ್ಲ. ಟವರ್‌ನಿಂದ ಆಚೆಗೆ ಹೋಗುವ ಸಂಪರ್ಕವೂ ಹಲವು ಕಡೆ ಫೈಬರ್ ಮೇಲೆಯೇ ನಿಂತಿದೆ. ಕೆಲವು ಟವರ್‌ಗಳು ಮಾತ್ರ ಇನ್ನೊಂದು ಟವರ್‌ಗೆ ರೇಡಿಯೊ ಮೂಲಕ ಜೋಡಿಕೊಂಡಿರುತ್ತವೆ. ಟವರ್ ಮೇಲೆ ಡೋಲಿನ ಆಕಾರದ ದುಂಡು ಆಂಟೆನಾ ಕಂಡರೆ ಅದು ಬಹುತೇಕ ಆ ಜೋಡಣೆ. ಜುಲೈಯ ಆ ಮೂರು ದಿನ ನಿಮ್ಮ ಗುಮಾಸ್ತರು, ಹಮಾಲರು, ಅಕ್ಕಪಕ್ಕದ ಅಂಗಡಿಯವರ ಫೋನುಗಳಲ್ಲಿ ಯಾವ ಕಂಪನಿಯ ಡೇಟಾ ನಡೆಯುತ್ತಿತ್ತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಯಾವ ಕಂಪನಿಯ ಜಾಹೀರಾತಿಗಿಂತಲೂ ಅದು ಹೆಚ್ಚು ನಂಬಬಹುದಾದ ಮಾಹಿತಿ. ಆ ದಿನಗಳಲ್ಲಿ ಬದುಕಿದ್ದ ಜಾಲ ನಿಮ್ಮ ಫೈಬರ್ ಹೋಗುವ ದಾರಿಯಲ್ಲಿಲ್ಲ ಎಂಬುದು ಆಗಲೇ ಪರೀಕ್ಷೆಯಾಗಿ ತೋರಿದೆ.

ಇನ್ನೊಂದು ಮಾತು. ಊರಿನ ಫೈಬರ್ ಹೋದ ದಿನ ಊರಿಗೆ ಊರೇ ಮೊಬೈಲ್ ಡೇಟಾ ಹಿಡಿಯುತ್ತದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯಲ್ಲಿ ಬಿಡಕಿಬೈಲಿನ ಸುತ್ತ ಫೋನುಗಳು ಹೇಗೆ ಸುಸ್ತಾಗುತ್ತವೆಂದು ನೀವು ಕಂಡಿದ್ದೀರಿ. ಅಂಥದೇ ನೂಕುನುಗ್ಗಲು ಅವತ್ತೂ ಇರುತ್ತದೆ. ಮಾಮೂಲಿ ದಿನ 40 ಎಂಬಿಪಿಎಸ್ ತೋರಿಸಿದ ಸಿಮ್ ಅವತ್ತು ಮೂರ್ನಾಲ್ಕಕ್ಕೆ ಇಳಿಯಬಹುದು. ಇದರಿಂದ ಎದೆಗುಂದಬೇಕಿಲ್ಲ. ಇ-ವೇ ಬಿಲ್, ಬ್ಯಾಂಕ್, ಟ್ಯಾಲಿ, ಟೆಂಡರ್ ದರ, ಇಷ್ಟಕ್ಕೆ ಮೂರ್ನಾಲ್ಕು ಎಂಬಿಪಿಎಸ್ ಸಾಕು, ಬೇರೇನೂ ಅದರ ಮೇಲೆ ಸವಾರಿ ಮಾಡದಿದ್ದರೆ.

ಸವಾರಿ ಮಾಡುವುದು ಕ್ಯಾಮೆರಾ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಕ್ಲೌಡ್‌ಗೆ ಕಳುಹಿಸುತ್ತಿದ್ದರೆ ತಾಸಿಗೆ 900 ಎಂಬಿ, ದಿನಕ್ಕೆ 21 ಜಿಬಿಗೂ ಮೇಲೆ. ನಾಲ್ಕು ಕ್ಯಾಮೆರಾ ಸೇರಿದರೆ ದಿನಕ್ಕೆ 86 ಜಿಬಿ. ದಿನಕ್ಕೆ 2 ಜಿಬಿಯ ಪ್ರಿಪೇಯ್ಡ್ ಸಿಮ್ ಇದನ್ನು ಅರ್ಧ ತಾಸಿಗಿಂತ ಸ್ವಲ್ಪ ಹೆಚ್ಚು ಹೊತ್ತು ಮಾತ್ರ ತಾಳಿ ಮಿತಿ ಮುಟ್ಟಿ 64 ಕೆಬಿಪಿಎಸ್‌ಗೆ ಬೀಳುತ್ತದೆ. ಆಮೇಲೆ ಇ-ವೇ ಬಿಲ್ ಪುಟವೂ ತೆರೆಯುವುದಿಲ್ಲ, ಸಿಮ್ ಸರಿಯಿಲ್ಲ ಎಂಬ ಮಾತು ಹುಟ್ಟುತ್ತದೆ. ಆದ್ದರಿಂದ ಕ್ಯಾಮೆರಾದ ದಾಖಲೆ ಕಚೇರಿಯ ಡಿವಿಆರ್‌ನ (ಕ್ಯಾಮೆರಾದ ದೃಶ್ಯ ಉಳಿಸುವ ಪೆಟ್ಟಿಗೆ) ಹಾರ್ಡ್ ಡಿಸ್ಕ್‌ನಲ್ಲೇ ಆಗಲಿ, ಫೈಬರ್ ಇಲ್ಲದಾಗ ಹೊರಗೆ ಹೋಗದಂತೆ ರೂಟರ್‌ನಲ್ಲಿ ತಡೆ ಹಾಕಿಸಿ. ವಿಂಡೋಸ್ ಅಪ್‌ಡೇಟ್, ಫೋಟೊ ಬ್ಯಾಕಪ್, ಸಿಬ್ಬಂದಿಯ ಫೋನುಗಳ ವೈಫೈ ಇವಕ್ಕೂ ಅದೇ ನಿಯಮ. ಸಿಮ್‌ನ ರೀಚಾರ್ಜ್ ದಿನಾಂಕವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಬಳಸದೆ ಇಟ್ಟ ಸಿಮ್ 90 ದಿನ ಮಿಸುಕದಿದ್ದರೆ ನಿಷ್ಕ್ರಿಯವಾಗುವ ಸಂಭವವಿದೆ, ಅದು ನಿಮಗೆ ತಿಳಿಯುವುದು ಬೇಕಾದ ದಿನವೇ.

ಈಗ ಎರಡು ದಾರಿಗಳನ್ನು ಜೋಡಿಸುವ ರೂಟರ್. ಎರಡು ಇಂಟರ್‌ನೆಟ್ ಪ್ರವೇಶ ಇರುವ ರೂಟರ್‌ಗಳು ಹತ್ತು ಸಾವಿರ ರೂಪಾಯಿಯ ಒಳಗೇ ಸಿಗುತ್ತವೆ. ಟಿಪಿ-ಲಿಂಕ್ ಇಆರ್605, ಮೈಕ್ರೋಟಿಕ್‌ನ ಹೆಕ್ಸ್, ಯಾವುದಾದರೂ ಆಗಬಹುದು, ನಿಮ್ಮ ಊರಿನ ತಂತ್ರಜ್ಞರಿಗೆ ಯಾವುದು ಗೊತ್ತೋ ಅದು. 4ಜಿ ರೂಟರನ್ನು ಪ್ರತ್ಯೇಕವಾಗಿ ಸಿಗ್ನಲ್ ಚೆನ್ನಾಗಿರುವ ಕಿಟಕಿಯಲ್ಲಿಟ್ಟು, ಅಲ್ಲಿಂದ ಲ್ಯಾನ್ ಕೇಬಲ್ ಎಳೆದು ಇದರ ಎರಡನೆಯ ಪ್ರವೇಶಕ್ಕೆ ಕೊಡಿ. ಕಬ್ಬಿಣದ ಕಪಾಟಿನ ಹಿಂದೆ ಎಲ್ಲವನ್ನೂ ಒಟ್ಟಿಗೆ ತುರುಕಬೇಡಿ.

ಹೆಚ್ಚಿನ ಕಡೆ ಕೆಲಸ ಕೆಡುವುದು ರೂಟರ್‌ನ ಆಯ್ಕೆಯಲ್ಲಲ್ಲ, ಅದರ ಒಂದು ಸೆಟ್ಟಿಂಗ್‌ನಲ್ಲಿ. ಫೈಬರ್ ತುಂಡಾದಾಗ ಮೋಡೆಮ್ ಸಾಯುವುದಿಲ್ಲ. ಅದಕ್ಕೆ ಕರೆಂಟ್ ಇದೆ, ಅದರಿಂದ ರೂಟರ್‌ಗೆ ಬರುವ ಲ್ಯಾನ್ ಕೇಬಲ್ಲಿಗೆ ಜೀವ ಇದೆ, ದೀಪ ಮಿನುಗುತ್ತಿದೆ. ರೂಟರ್ ಆ ದೀಪವನ್ನಷ್ಟೇ ನೋಡುವಂತಿದ್ದರೆ ಫೈಬರ್ ಸರಿಯಿದೆ ಎಂದೇ ತಿಳಿದು ಎಲ್ಲವನ್ನೂ ಅದೇ ಸತ್ತ ದಾರಿಗೆ ಕಳುಹಿಸುತ್ತದೆ. ಪಕ್ಕದಲ್ಲಿ ಸಿಮ್ ಸುಮ್ಮನೆ ಕೂತಿರುತ್ತದೆ. ಆದ್ದರಿಂದ ರೂಟರ್ ಮೋಡೆಮ್‌ನ ಆಚೆಗೂ ಕೈಚಾಚಿ ನೋಡಬೇಕು: 8.8.8.8, 1.1.1.1 ಇಂಥ ದೂರದ ಎರಡು ವಿಳಾಸಗಳಿಗೆ ಐದೈದು ಸೆಕೆಂಡಿಗೊಮ್ಮೆ ಪಿಂಗ್ (ಇದ್ದೀಯಾ ಎಂದು ಕೇಳುವ ಪುಟ್ಟ ಸಂದೇಶ) ಕಳುಹಿಸಿ, ಎರಡರಿಂದಲೂ ಸಾಲಾಗಿ ನಾಲ್ಕು ಸಲ ಉತ್ತರ ಬರದಿದ್ದರೆ ಮಾತ್ರ ದಾರಿ ಸತ್ತಿದೆ ಎಂದು ತೀರ್ಮಾನಿಸಲಿ. ಒಂದೇ ವಿಳಾಸ ಸಾಲದು, ಅದು ತಾನೇ ಕೆಟ್ಟ ದಿನ ಒಳ್ಳೆಯ ಫೈಬರ್ ಬಿಟ್ಟು ಸಿಮ್‌ಗೆ ಓಡುತ್ತೀರಿ. ಫೈಬರ್ ಮರಳಿದ ಕೂಡಲೇ ಹಿಂದಕ್ಕೆ ಜಿಗಿಯುವುದೂ ಬೇಡ. ಜೋಡಿಸುವ ಹೊತ್ತಿನಲ್ಲಿ ಸಂಪರ್ಕ ಬಂದು ಹೋಗಿ ಮಾಡುತ್ತದೆ; ಐದು ನಿಮಿಷ ಸ್ಥಿರವಾಗಿ ನಿಂತ ಮೇಲೆ ಬದಲಾಗಲಿ.

ಡಿಎನ್‌ಎಸ್ ಕೂಡ ನೋಡಿ, ತಾಣದ ಹೆಸರು ಕೊಟ್ಟರೆ ಅದರ ಅಂಕಿ ವಿಳಾಸ ಹೇಳುವ ಸೇವೆ ಅದು. ಕಚೇರಿಯ ಕಂಪ್ಯೂಟರುಗಳಿಗೆ ಫೈಬರ್ ಕಂಪನಿಯ ಡಿಎನ್‌ಎಸ್ ವಿಳಾಸವನ್ನೇ ಕೊಟ್ಟಿದ್ದರೆ, ಸಿಮ್‌ಗೆ ಬದಲಾದ ಮೇಲೂ ಅವು ಆ ಕಂಪನಿಯನ್ನೇ ಕೇಳುತ್ತಿರುತ್ತವೆ. ಕಂಪನಿಗಳು ಹೊರಗಿನವರ ಕೇಳಿಕೆಗೆ ಸಾಮಾನ್ಯವಾಗಿ ಉತ್ತರಿಸುವುದಿಲ್ಲ. ಪಿಂಗ್ ಹೋಗುತ್ತದೆ, ಪುಟ ತೆರೆಯುವುದಿಲ್ಲ. ಯಾವ ದಾರಿಯಲ್ಲೂ ಸಿಗುವ ಸಾರ್ವಜನಿಕ ಡಿಎನ್‌ಎಸ್ ಹಾಕಿದರೆ ಈ ಗೋಜು ತಪ್ಪುತ್ತದೆ.

ಎರಡೂ ಸಂಪರ್ಕ ಇದ್ದ ಮೇಲೆ ಎರಡನ್ನೂ ಒಟ್ಟಿಗೆ ಓಡಿಸಿ ವೇಗ ಹೆಚ್ಚಿಸಿಕೊಳ್ಳೋಣ ಎಂದು ಅಂಗಡಿಯವರು ಹೇಳಬಹುದು. ನಿಮಗೆ ಅದು ಬೇಡ. ಒಂದು ಪುಟ ಫೈಬರ್‌ನಿಂದ, ಮುಂದಿನ ಪುಟ ಸಿಮ್‌ನಿಂದ ಹೋದರೆ ಬ್ಯಾಂಕಿನ ತಾಣಕ್ಕೆ ಇಬ್ಬರು ಬೇರೆ ಬೇರೆಯವರು ಬಂದಂತೆ ಕಾಣುತ್ತದೆ, ಲಾಗಿನ್ ಕಿತ್ತುಹಾಕುತ್ತದೆ. ಫೈಬರ್ ಮುಖ್ಯ, ಸಿಮ್ ಕಾಯ್ದಿರಿಸಿದ್ದು, ಅಷ್ಟೇ ಇರಲಿ. ಬದಲಾಗುವ ಕ್ಷಣದಲ್ಲಿ ತೆರೆದಿದ್ದ ಬ್ಯಾಂಕಿನ ಪುಟ ಒಮ್ಮೆ ಕಡಿದುಹೋಗುತ್ತದೆ, ಹೊರವಿಳಾಸವೇ ಬದಲಾಗುವುದರಿಂದ ಅದು ಅನಿವಾರ್ಯ. ಹಣ ಕಳುಹಿಸುವ ನಡುವೆ ಹೀಗಾದರೆ ಮತ್ತೆ ಕಳುಹಿಸುವ ಮೊದಲು ಖಾತೆಯ ವಿವರ ನೋಡುವಂತೆ ಗುಮಾಸ್ತರಿಗೆ ಹೇಳಿಡಿ.

ಕುಮಟಾ ಶಾಖೆಯ ವಿಷಯ ಇನ್ನೂ ಗಂಭೀರವಾದದ್ದು. ಅವರು ಇಂಟರ್‌ನೆಟ್ ಮೂಲಕ ಶಿರಸಿಯ ಕಂಪ್ಯೂಟರ್‌ಗೆ ಬರುತ್ತಾರೆ ಎಂದಿದ್ದೀರಿ. ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ (ದೂರದಿಂದ ಇನ್ನೊಂದು ಕಂಪ್ಯೂಟರ್ ನಡೆಸುವ ವ್ಯವಸ್ಥೆ) ಬಾಗಿಲನ್ನು ನೇರವಾಗಿ ತೆರೆದಿಟ್ಟಿದ್ದರೆ, ಈ ಉತ್ತರ ಓದಿ ಮುಗಿಸುವ ಮೊದಲೇ ಅದನ್ನು ಮುಚ್ಚಿಸಿ. ಹಾಗೆ ತೆರೆದ 3389ನೆಯ ಪೋರ್ಟ್ ಹುಡುಕುತ್ತ ಜಗತ್ತಿನೆಲ್ಲೆಡೆ ಯಂತ್ರಗಳು ಹಗಲು ರಾತ್ರಿ ಬಾಗಿಲು ತಟ್ಟುತ್ತಿರುತ್ತವೆ. ಲೆಕ್ಕದ ಕಡತಗಳಿಗೆ ಬೀಗ ಹಾಕಿ ಹಣ ಕೇಳುವವರು ಒಳಹೊಗುವ ಮುಖ್ಯ ದಾರಿಗಳಲ್ಲಿ ಇದೂ ಒಂದು. ಸಂಪರ್ಕ ಹೋದರೆ ಮೂರು ದಿನದ ವ್ಯಾಪಾರ ನಿಲ್ಲುತ್ತದೆ, ಲೆಕ್ಕವೇ ಹೋದರೆ ವರ್ಷಗಳ ಕೆಲಸ ಹೋಗುತ್ತದೆ.

ಇನ್ನೊಂದು ತೊಡಕೂ ಇದೆ. ಸಿಮ್ ಮೇಲೆ ಇರುವಾಗ ಹೊರಗಿನಿಂದ ಯಾರೂ ನಿಮ್ಮ ಕಚೇರಿಗೆ ಬರಲಾರರು. ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಒಂದೇ ಹೊರವಿಳಾಸದ ಹಿಂದೆ ಇಡುತ್ತವೆ. 4ಜಿ ರೂಟರ್‌ನ ಪುಟದಲ್ಲಿ ಅದಕ್ಕೆ ಸಿಕ್ಕ ವಿಳಾಸ ನೋಡಿ: 10ರಿಂದ ಶುರುವಾಗಿದ್ದರೆ, ಅಥವಾ 100.64ರಿಂದ 100.127ರ ನಡುವೆ ಇದ್ದರೆ, ನೀವು ಆ ಗುಂಪಿನಲ್ಲಿದ್ದೀರಿ. ಆಗ ಶಿರಸಿಯಲ್ಲಿ ಇಂಟರ್‌ನೆಟ್ ನಡೆಯುತ್ತಿದ್ದರೂ ಕುಮಟಾದವರಿಗೆ ಟ್ಯಾಲಿ ಸಿಗುವುದಿಲ್ಲ. ಪರಿಹಾರ ಏನೆಂದರೆ, ಹೊರಗಿನವರು ಒಳಗೆ ಬರುವ ವ್ಯವಸ್ಥೆ ಬಿಟ್ಟು ಎರಡೂ ಕಚೇರಿಗಳು ಹೊರಗೆ ಹೋಗಿ ಒಂದು ನಡುವಣ ಜಾಗದಲ್ಲಿ ಸೇರುವುದು. ತಿಂಗಳಿಗೆ ಕೆಲವು ನೂರು ರೂಪಾಯಿ ಬಾಡಿಗೆಗೆ ಒಂದು ಸಣ್ಣ ಕ್ಲೌಡ್ ಸರ್ವರ್ ಸಿಗುತ್ತದೆ. ಶಿರಸಿ, ಕುಮಟಾ ಎರಡೂ ವೈರ್‌ಗಾರ್ಡ್ ಎಂಬ ತಂತ್ರಾಂಶದಿಂದ ಅದಕ್ಕೆ ಕೊಳವೆ (ಹೊರಗಿನವರು ಇಣುಕಲಾಗದ ಸುರಕ್ಷಿತ ದಾರಿ) ಹಾಕಿಕೊಂಡರೆ, 25 ಸೆಕೆಂಡಿಗೊಮ್ಮೆ ನಾನಿದ್ದೇನೆ ಎಂಬ ಸಂದೇಶ ಕಳುಹಿಸುವಂತೆ ಇಟ್ಟರೆ, ಶಿರಸಿಯ ದಾರಿ ಫೈಬರ್‌ನಿಂದ ಸಿಮ್‌ಗೆ ಬದಲಾದಾಗಲೂ ಕೊಳವೆ ತಾನಾಗಿ ಹೊಸ ದಾರಿ ಹಿಡಿಯುತ್ತದೆ. ಇದನ್ನು ಮಾಡಿಕೊಡಲು ತಿಳಿದವರು ಇಲ್ಲದಿದ್ದರೆ ಟೈಲ್‌ಸ್ಕೇಲ್‌ನಂಥ ಸಿದ್ಧ ಸೇವೆ ಬಳಸಿ. ಒಳಗೆ ಇರುವುದು ಅದೇ ವೈರ್‌ಗಾರ್ಡ್. ಟ್ಯಾಲಿಯ ದತ್ತಾಂಶ ಮಾತ್ರ ಶಿರಸಿಯಲ್ಲೇ ಇರಲಿ, ಇಂಟರ್‌ನೆಟ್ ಪೂರ್ತಿ ಹೋದ ದಿನವೂ ನಿಮ್ಮ ತೂಕ, ಖರೀದಿ, ಪಾವತಿ ಬರೆಯುವ ಕೆಲಸ ನಿಲ್ಲಬಾರದು.

ಕರೆಂಟ್ ಹೋದರೆ ಈ ಏರ್ಪಾಡೆಲ್ಲ ವ್ಯರ್ಥ. ಮಳೆಗಾಲದಲ್ಲಿ ಹೆಸ್ಕಾಂ ತಂತಿಯ ಮೇಲೆ ಮರ ಬೀಳುವುದಕ್ಕೂ ಫೈಬರ್ ಹೋಗುವುದಕ್ಕೂ ಒಂದೇ ಗಾಳಿ ಕಾರಣವಾಗಿರುತ್ತದೆ. ಒಳ್ಳೆಯ ಸುದ್ದಿ ಎಂದರೆ ಈ ಉಪಕರಣಗಳಿಗೆ ಬೇಕಾದದ್ದು ಬಹಳ ಕಡಿಮೆ. ಮೋಡೆಮ್, ರೂಟರ್, 4ಜಿ ಪೆಟ್ಟಿಗೆ ಮೂರೂ ಸೇರಿ 30 ವ್ಯಾಟ್ ಆಸುಪಾಸು. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಇರುವುದು 1,800 ವ್ಯಾಟ್-ಅವರ್. ಬ್ಯಾಟರಿಯನ್ನು ತಳ ಮುಟ್ಟಿಸಬಾರದು, ಇನ್ವರ್ಟರ್ ತಾನೇ ತಿನ್ನುವುದೂ ಇದೆ ಎಂದು ಬಿಟ್ಟುಕೊಟ್ಟರೂ ಈ ಮೂರನ್ನು ಮಾತ್ರ ಹಚ್ಚಿದರೆ ಒಂದು ಹಗಲು ಒಂದು ರಾತ್ರಿಯ ಹತ್ತಿರ ಬರುತ್ತದೆ. ಫ್ಯಾನ್, ಪ್ರಿಂಟರ್, ದೀಪ ಅದೇ ಇನ್ವರ್ಟರ್ ಮೇಲಿದ್ದರೆ ಸಂಜೆಗೇ ಖಾಲಿ. ಜಾಲದ ಪೆಟ್ಟಿಗೆಗಳಿಗೆ ಬೇರೆ ಬ್ಯಾಟರಿ ಇಡಿ, ಇಲ್ಲವೇ ಅಡಾಪ್ಟರ್‌ನ ಜಾಗದಲ್ಲಿ ಕೂರುವ 12 ವೋಲ್ಟಿನ ಪುಟ್ಟ ಡಿಸಿ ಯುಪಿಎಸ್ ಒಂದೊಂದಕ್ಕೂ ಹಾಕಿ. ಇವು ಸಾಮಾನ್ಯವಾಗಿ ಒಂದೆರಡು ತಾಸು ಬರುತ್ತವೆ, ಅಷ್ಟರಲ್ಲಿ ಜನರೇಟರ್ ಹಾಕಿಕೊಳ್ಳಬಹುದು. ಇನ್ವರ್ಟರ್‌ನ ಹಿಂದಿನ ಸ್ವಿಚ್ ಯುಪಿಎಸ್ ಎಂಬಲ್ಲಿ ಇದೆಯೇ ಎಂದೂ ನೋಡಿ. ಇಲ್ಲದಿದ್ದರೆ ಕರೆಂಟ್ ಹೋದಾಗಲೆಲ್ಲ ರೂಟರ್ ಮರುಚಾಲನೆಯಾಗಿ ಎರಡು ಮೂರು ನಿಮಿಷ ನುಂಗುತ್ತದೆ.

ಗೋದಾಮಿನ ವಿಚಾರಕ್ಕೆ ಬರುತ್ತೇನೆ. ಕಚೇರಿ ಊರಿನ ಒಂದು ಬದಿಗೆ, ಗೋದಾಮು ಇನ್ನೊಂದು ಬದಿಗೆ ಇರುವುದು ನಿಮ್ಮ ಪುಣ್ಯ. ತೆಗೆದ ಫೈಬರನ್ನು ಗೋದಾಮಿಗೆ, ಬೇರೆ ರಸ್ತೆಯ ಕೇಬಲ್ಲಿನಿಂದ, ಸಾಧ್ಯವಾದರೆ ಊರಾಚೆಯಿಂದಲೂ ಬೇರೆ ದಿಕ್ಕಿನಲ್ಲಿ ಬರುವ ಕಂಪನಿಯದನ್ನು ಹಾಕಿಸಿ. ಎರಡೂ ಕಟ್ಟಡಗಳ ಮಾಳಿಗೆಯಿಂದ ಒಂದಕ್ಕೊಂದು ಕಾಣುವಂತಿದ್ದರೆ 5 ಗಿಗಾಹರ್ಟ್ಸ್‌ನ ಎರಡು ಸಣ್ಣ ಡಿಶ್ ಎದುರುಬದುರು ಕಟ್ಟಿ ಕಚೇರಿಗೂ ಅದನ್ನು ತರಬಹುದು. ಈ ತರಂಗಗಳನ್ನು ನಿಗದಿತ ಶಕ್ತಿಯ ಮಿತಿಯೊಳಗೆ ಹೊರಾಂಗಣದಲ್ಲೂ ಪರವಾನಗಿ ಇಲ್ಲದೆ ಬಳಸಲು 2018ರಿಂದ ಅವಕಾಶವಿದೆ. ಎರಡು ಮೂರು ಕಿಲೋಮೀಟರಿಗೆ ಮಳೆ ಇದಕ್ಕೆ ಅಡ್ಡಿಯಲ್ಲ, ನಡುವೆ ಬೆಳೆಯುವ ಮರ ಅಡ್ಡಿ. ಈಗ ಸಂದಿಯಲ್ಲಿ ಕಾಣುತ್ತಿದ್ದರೆ ಮುಂದಿನ ಚಿಗುರಿಗೆ ಮುಚ್ಚಿಹೋಗುತ್ತದೆ, ಧಾರಾಳ ತೆರವು ಇದ್ದರೆ ಮಾತ್ರ ಕೈ ಹಾಕಿ. ನೀವು ಕೇಳಿದ ಮೂರನೆಯ ಸಂಪರ್ಕ ಇದೇ ಆಗಲಿ ಎಂಬುದು ನನ್ನ ಅಭಿಪ್ರಾಯ.

ಮಾಳಿಗೆಯ ಮೇಲೆ ಏನೇ ಕಟ್ಟಿದರೂ ಸಿಡಿಲನ್ನು ನೆನಪಿಡಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಮೇಲಿನಿಂದ ಇಳಿದ ತಾಮ್ರದ ಲ್ಯಾನ್ ಕೇಬಲ್ ರೂಟರ್‌ನ್ನೂ ಅದಕ್ಕೆ ಜೋಡಿಸಿದ ಕಂಪ್ಯೂಟರುಗಳನ್ನೂ ಸುಡಬಲ್ಲದು. ಕೇಬಲ್ ಒಳಬರುವಲ್ಲಿ ಸರ್ಜ್ (ವಿದ್ಯುತ್ತಿನ ಹಠಾತ್ ಏರಿಕೆ) ತಡೆಯುವ ಸಾಧನ ಹಾಕಿ, ಅದರ ಅರ್ಥಿಂಗ್ ತಂತಿ ನಿಜವಾಗಿ ನೆಲಕ್ಕೆ ಮುಟ್ಟಿದೆಯೇ ಎಂದು ಪರೀಕ್ಷಿಸಿ. ಫೈಬರ್‌ನ ಗಾಜು ವಿದ್ಯುತ್ ಒಯ್ಯುವುದಿಲ್ಲ, ಆದರೆ ಆ ಕಪ್ಪು ಕೇಬಲ್ಲಿನ ಬಲಕ್ಕೆಂದು ಉಕ್ಕಿನ ತಂತಿ ಇರುವುದುಂಟು. ಅದನ್ನು ಕಟ್ಟಡದ ಹೊರಗೇ ಕತ್ತರಿಸಿ ಕಟ್ಟುವಂತೆ ಹೇಳಿ. ಕುಮಟಾದಲ್ಲಿ ಸಿಡಿಲಿನ ಜೊತೆಗೆ ಉಪ್ಪು ಗಾಳಿಯ ಕಾಟವೂ ಇದೆ. ಲ್ಯಾನ್ ಕೇಬಲ್ಲಿನ ತುದಿಯ ಹಿತ್ತಾಳೆ ಬಣ್ಣದ ಕಡ್ಡಿಗಳು ಹಸಿರುಗಟ್ಟಿದ್ದರೆ ತಡ ಮಾಡದೆ ಹೊಸ ತುದಿ ಹಾಕಿಸಿ. ಆಗಾಗ ಬಂದು ಹೋಗುವ ಸಂಪರ್ಕಕ್ಕೆ ಅದೇ ಕಾರಣವಾಗಿರುವುದು ಕರಾವಳಿಯಲ್ಲಿ ಹೊಸತೇನಲ್ಲ.

ಉಪಗ್ರಹ ಇಂಟರ್‌ನೆಟ್ ಬಗ್ಗೆ ಕೆಲವರು ಹೇಳಿರಬಹುದು. ಸ್ಟಾರ್‌ಲಿಂಕ್‌ಗೆ 2025ರಲ್ಲಿ ಭಾರತದ ಪರವಾನಗಿ ಸಿಕ್ಕಿದೆ. ದಾರಿ ಬೇರೆಯಾಗುವ ದೃಷ್ಟಿಯಿಂದ ಅದು ಚೆನ್ನಾದ ಉಪಾಯವೇ. ಆದರೆ ಅದಕ್ಕೆ ತೆರೆದ ಆಕಾಶ ಬೇಕು, ಜಡಿಮಳೆಯ ದಟ್ಟ ಮೋಡದಲ್ಲಿ ಅದರ ಸಂಕೇತ ಕುಗ್ಗುತ್ತದೆ. ಈ ವರ್ಷದ ಏರ್ಪಾಡಿಗೆ ಅದನ್ನು ಕಾಯಬೇಡಿ.

ಎಲ್ಲ ಹಾಕಿಸಿದ ಮೇಲೆ ಪರೀಕ್ಷೆ. ತಂತ್ರಜ್ಞರು ರೂಟರ್‌ನಿಂದ ಲ್ಯಾನ್ ಕೇಬಲ್ ಕಿತ್ತು, ನೋಡಿ ಸಿಮ್‌ಗೆ ಬದಲಾಯಿತು ಎಂದು ತೋರಿಸಿ ಹೋಗುತ್ತಾರೆ. ಅದು ಪರೀಕ್ಷೆಯಲ್ಲ. ಮೇಲೆ ಹೇಳಿದಂತೆ ನಿಜವಾದ ತುಂಡಿನಲ್ಲಿ ಲ್ಯಾನ್ ಕೇಬಲ್ ಜೀವಂತವಾಗಿಯೇ ಇರುತ್ತದೆ. ಮೋಡೆಮ್‌ನ ತಳದಲ್ಲಿ ಹಸಿರು ಬಣ್ಣದ ಚೌಕ ಪ್ಲಗ್ ಇದೆ, ಫೈಬರ್ ಒಳಬರುವುದು ಅಲ್ಲಿ. ಅದನ್ನು ನೇರವಾಗಿ, ತಿರುಚದೆ ಎಳೆಯಿರಿ. ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಕಣ್ಣಿಗೆ ಹಿಡಿಯಬೇಡಿ, ಧೂಳು ತಾಗದಂತೆ ಟೋಪಿ ಹಾಕಿ. ಮೋಡೆಮ್‌ನಲ್ಲಿ ಎಲ್‌ಒಎಸ್ ಎಂಬ ದೀಪ ಕೆಂಪಾಗುತ್ತದೆ. ಈಗ ಗಡಿಯಾರ ನೋಡಿ: ಅರ್ಧ ನಿಮಿಷದೊಳಗೆ ಎಲ್ಲ ಕಂಪ್ಯೂಟರುಗಳಲ್ಲೂ ಪುಟ ತೆರೆಯಬೇಕು, ಕುಮಟಾದವರು ಟ್ಯಾಲಿಗೆ ಬರಬೇಕು, ಕ್ಯಾಮೆರಾ ಹೊರಗೆ ಹೋಗುವುದು ನಿಲ್ಲಬೇಕು. ಮಾರುಕಟ್ಟೆ ಇಲ್ಲದ ದಿನ, ತಿಂಗಳಿಗೊಮ್ಮೆ ಇದನ್ನು ಮಾಡಿ.

ಆ ಹೊತ್ತಿಗೇ ಮೋಡೆಮ್‌ನ ಪುಟದಲ್ಲಿ ಬರುವ ಬೆಳಕಿನ ಬಲವನ್ನೂ ಬರೆದುಕೊಳ್ಳಿ. ಅದೂ ಡಿಬಿಎಂ ಲೆಕ್ಕವೇ. ಸಾಮಾನ್ಯ ಮನೆ-ಅಂಗಡಿಯ ಫೈಬರ್‌ಗೆ –27ರ ಆಚೆ ಹೋದರೆ ಸಂಪರ್ಕ ಉಳಿಯುವುದಿಲ್ಲ. ಮೂರು ಡಿಬಿ ಇಳಿದರೆ ಬೆಳಕು ಅರ್ಧವಾಗಿದೆ ಎಂದರ್ಥ. ಮಾರ್ಚ್‌ನಲ್ಲಿ –19 ಇದ್ದದ್ದು ಮೇ ತಿಂಗಳಿಗೆ –25 ಆಗಿದ್ದರೆ ಇಂಟರ್‌ನೆಟ್ ಇನ್ನೂ ಸರಿಯಾಗಿಯೇ ಓಡುತ್ತಿರುತ್ತದೆ, ಆದರೆ ಎಲ್ಲೋ ಕೇಬಲ್ ಮಡಿಚಿದೆ, ಇಲ್ಲವೇ ಜೋಡಣೆಯ ಡಬ್ಬಿಗೆ ನೀರು ಹೊಕ್ಕಿದೆ. ಮೃಗಶಿರಾ ಮಳೆ ಹಿಡಿಯುವ ಮೊದಲೇ ಆಪರೇಟರ್‌ಗೆ ಆ ಎರಡು ಸಂಖ್ಯೆ ತೋರಿಸಿ ಸರಿಪಡಿಸಿಕೊಳ್ಳಿ. ನೆಟ್ ನಿಧಾನ ಎಂಬ ದೂರಿಗಿಂತ ಆ ಸಂಖ್ಯೆಗಳಿಗೆ ಅವರು ಬೇಗ ಬರುತ್ತಾರೆ.

ಕೊನೆಯದಾಗಿ, ಅಂಗಳದಲ್ಲಿ ನಿಂತ ಆ ಲಾರಿ. 50,000 ರೂಪಾಯಿ ದಾಟಿದ ಸರಕಿಗೆ ಇ-ವೇ ಬಿಲ್ ಇಲ್ಲದೆ ಹೊರಡುವಂತಿಲ್ಲ, ಆದರೆ ಅದನ್ನು ಕಚೇರಿಯ ಕಂಪ್ಯೂಟರ್‌ನಲ್ಲೇ ಮಾಡಬೇಕೆಂದಿಲ್ಲ. ಯಾವ ಫೋನಿನ ಬ್ರೌಸರ್‌ನಲ್ಲೂ ಆಗುತ್ತದೆ. ಸರ್ಕಾರದ ಇ-ವೇ ಬಿಲ್ ತಾಣಕ್ಕೂ ಈಗ ಜೋಡಿ ಇದೆ. ಒಂದು ನಿಂತರೆ ಇನ್ನೊಂದರಲ್ಲಿ ಮಾಡಲೆಂದು 2025ರ ಜುಲೈ 1ರಿಂದ ಎರಡನೆಯ ತಾಣ ತೆರೆದಿದ್ದಾರೆ, ಲಾಗಿನ್ ಅದೇ. ತೊಡಕಾಗುವುದು ಒಟಿಪಿಯಲ್ಲಿ. 2025ರ ಏಪ್ರಿಲ್‌ನಿಂದ ಎಲ್ಲ ವ್ಯಾಪಾರಿಗಳಿಗೂ ಲಾಗಿನ್‌ಗೆ ಒಟಿಪಿ ಕಡ್ಡಾಯ. ನೋಂದಾಯಿಸಿದ ಸಂಖ್ಯೆ ನಿಮ್ಮ ಜೇಬಿನಲ್ಲಿದ್ದು ನೀವು ಸಿಗ್ನಲ್ ಇಲ್ಲದ ತೋಟದಲ್ಲಿದ್ದರೆ ಗುಮಾಸ್ತರು ಕಾಯುತ್ತ ಕೂರಬೇಕು. ಗುಮಾಸ್ತರಿಗೆ ಅವರದೇ ಸಂಖ್ಯೆಯ ಮೇಲೆ ಉಪಬಳಕೆದಾರರ ಲಾಗಿನ್ ಮಾಡಿಸಿ, ಆ ಸಂಖ್ಯೆ 4ಜಿ ರೂಟರ್‌ನಲ್ಲಿರುವ ಸಿಮ್‌ನ ಕಂಪನಿಯದಲ್ಲದೆ ಬೇರೆ ಕಂಪನಿಯದಾಗಿರಲಿ. ಎನ್ಐಸಿ-ಜಿಎಸ್‌ಟಿ-ಶೀಲ್ಡ್ ಎಂಬ ಆ್ಯಪ್ ಇಂಟರ್‌ನೆಟ್ ಇಲ್ಲದೆಯೂ ಒಟಿಪಿ ಕೊಡುತ್ತದೆ, ಆದರೆ ಅದನ್ನು ಇಳಿಸಿಕೊಂಡು ನೋಂದಾಯಿಸುವುದಕ್ಕೆ ಇಂಟರ್‌ನೆಟ್ ಬೇಕು. ಫೈಬರ್ ನಡೆಯುತ್ತಿರುವ ಇವತ್ತೇ ಇಬ್ಬರ ಫೋನಿನಲ್ಲೂ ಹಾಕಿಕೊಳ್ಳಿ.